ಕೂಲರ್ ಸದ್ದಿನ ಊರಲ್ಲಿ ಆಂಬಿಯೆಂಟ್ ಕೇಳಲು ಯಾವ ರೇಡಿಯೋ?

ಪದ ಇಲ್ಲ, ಪಲ್ಲವಿ ಇಲ್ಲ, ತಾಳ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇಂಥ ಸಂಗೀತ ಕೇಳುವವರು ಕಲಬುರಗಿಯಲ್ಲಿ ಇದ್ದಾರಾ ಅಂತ ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು, ರಾತ್ರಿ ಪಾಳಿಯ ನರ್ಸ್‌ಗಳು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರು, ಕೂಸು ಮಲಗಿಸುವ ಅಮ್ಮಂದಿರು, ಎಷ್ಟೋ ಜನರ ಫೋನಿನಲ್ಲಿ ಇದು ಇದೆ. ಆದರೆ 'ಯಾರದಿದು?' ಅಂತ ಕೇಳಿ ನೋಡಿ. 'ಗೊತ್ತಿಲ್ಲ, ಸುಮ್ನೆ ಬರ್ತಿರುತ್ತೆ' ಅನ್ನುತ್ತಾರೆ.

ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಬೇಕು ಅನ್ನುವವರಿಗೆ ಈ ಬರಹ. ಆಂಬಿಯೆಂಟ್ (ಸುತ್ತಲಿನ ಸದ್ದಿನ ಜೊತೆ ಬೆರೆತು ಹಿನ್ನೆಲೆಯಲ್ಲಿ ಇರುವ ಸಂಗೀತ), ಎಲೆಕ್ಟ್ರಾನಿಕ್, ಇವತ್ತಿನ ಪಿಯಾನೋ, ಈ ಮೂರನ್ನೂ ಹುಡುಕಿಕೊಳ್ಳಲು ರೇಡಿಯೋ ಈಗಲೂ ಒಳ್ಳೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ. ಕಷ್ಟ ಇರುವುದು ಆಯ್ಕೆಯಲ್ಲಿ. ಇಂಟರ್ನೆಟ್ ರೇಡಿಯೋ ಆ್ಯಪ್ ತೆರೆದರೆ ಸಾವಿರಾರು ಸ್ಟೇಷನ್‌ಗಳು ಕಾಣುತ್ತವೆ. ಯಾವುದು ಹೆಸರುವಾಸಿ, ಯಾವುದರ ಸೌಂಡ್ ಕ್ವಾಲಿಟಿ ಜಾಸ್ತಿ ಅಂತ ನೋಡುತ್ತಾ ಕೂತರೆ ಸಂಜೆ ಮುಗಿದುಹೋಗುತ್ತದೆ. ನಾನು ಕೇಳುವುದು ಎರಡೇ ಪ್ರಶ್ನೆ. ಈ ರೇಡಿಯೋ ನನ್ನ ಕೈಗೆ ಒಂದು ಹೆಸರು ಕೊಡುತ್ತದಾ? ಅದರ ಒಳ್ಳೆಯ ಕಾರ್ಯಕ್ರಮ ನಮ್ಮೂರಿನ ಗಡಿಯಾರದಲ್ಲಿ ಎಷ್ಟು ಗಂಟೆಗೆ ಬೀಳುತ್ತದೆ?

ಮೊದಲು ಕೂಲರ್ ವಿಷಯ

ಸ್ಟೇಷನ್ ಆರಿಸುವ ಮೊದಲು ಕೋಣೆಯ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಲ್ಲಿಂದ ಮಳೆ ಬರುವ ತನಕ ಮನೆಯಲ್ಲಿ ಕೂಲರ್ ಗರ್ಜಿಸುತ್ತಲೇ ಇರುತ್ತದೆ, ಮೇಲಿಂದ ಫ್ಯಾನ್. ಈ ಗದ್ದಲದಲ್ಲಿ ಸೂಕ್ಷ್ಮ ಸಂಗೀತ ಏನು ಕೇಳಿಸೀತು?

ಕೇಳಿಸುತ್ತದೆ. ಆಂಬಿಯೆಂಟ್ ಹುಟ್ಟಿದ್ದೇ ಇಂಥ ಒಂದು ಪೇಚಿನಲ್ಲಿ. 1975ರಲ್ಲಿ ಬ್ರಿಟನ್ನಿನ ಸಂಗೀತಗಾರ ಬ್ರಯನ್ ಈನೋ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ಗೆಳತಿಯೊಬ್ಬರು ಹಾರ್ಪ್ ವಾದನದ ಒಂದು ರೆಕಾರ್ಡ್ ಕೊಟ್ಟು ಹೋದರು. ಅದನ್ನು ಹಾಕಿ ಮಲಗಿದ ಮೇಲೆ ಗೊತ್ತಾಯಿತು, ವಾಲ್ಯೂಮ್ ತೀರಾ ಕಡಿಮೆ ಇದೆ. ಎದ್ದು ಹೋಗಿ ಏರಿಸಲು ಆಗದು. ಹೊರಗೆ ಮಳೆ. ಮಳೆಯ ಸದ್ದಿನ ನಡುವೆ ಆಗಾಗ ನಾಲ್ಕು ಸ್ವರ ಮಾತ್ರ ಮೇಲೆದ್ದು ಕೇಳುತ್ತಿದ್ದವು. ಸುತ್ತಲಿನ ಸದ್ದಿನ ಜೊತೆ ಸೇರಿಕೊಂಡು ಇರುವ ಸಂಗೀತ ಮಾಡಬಹುದಲ್ಲ ಎಂಬ ಯೋಚನೆ ಅವರಿಗೆ ಅಲ್ಲಿ ಗಟ್ಟಿಯಾಯಿತು. 1978ರಲ್ಲಿ ವಿಮಾನ ನಿಲ್ದಾಣಕ್ಕೆಂದು ಮಾಡಿದ ಆಲ್ಬಮ್ಮಿಗೆ 'ಆಂಬಿಯೆಂಟ್' ಎಂಬ ಹೆಸರನ್ನೇ ಇಟ್ಟರು. ಈನೋಗಿಂತ ಎಷ್ಟೋ ಮೊದಲೇ, 1917ರಲ್ಲಿ, ಫ್ರಾನ್ಸಿನ ಸಂಯೋಜಕ ಎರಿಕ್ ಸಾತಿ 'ಪೀಠೋಪಕರಣ ಸಂಗೀತ' ಅಂತ ಬರೆದಿದ್ದರು. ಕುರ್ಚಿ ಮೇಜಿನ ಹಾಗೆ ಸಂಗೀತವೂ ಕೋಣೆಯಲ್ಲಿ ಇರಲಿ, ಯಾರೂ ಅದನ್ನೇ ದಿಟ್ಟಿಸಬೇಕಿಲ್ಲ ಅಂತ.

ಆದ್ದರಿಂದ ಬೇಸಿಗೆಯಲ್ಲಿ ಆಂಬಿಯೆಂಟ್ ಕೇಳಿ. ಉದ್ದನೆಯ, ನಿಧಾನ ಬದಲಾಗುವ ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ವಾದ್ಯ) ಸ್ವರಗಳು ಕೂಲರ್ ಜೊತೆ ಜಗಳ ಆಡುವುದಿಲ್ಲ. ಪಿಯಾನೋ ಹಾಗಲ್ಲ. ಈಗಿನ ಪಿಯಾನೋದವರು ಬಹಳ ಮೆಲ್ಲಗೆ ನುಡಿಸುತ್ತಾರೆ. ಜರ್ಮನಿಯ ನಿಲ್ಸ್ ಫ್ರಾಮ್ ನೆರೆಮನೆಯವರಿಗೆ ತೊಂದರೆ ಆಗಬಾರದು ಅಂತ ಪಿಯಾನೋದ ಸುತ್ತಿಗೆ ಮತ್ತು ತಂತಿಗಳ ನಡುವೆ ದಪ್ಪ ಫೆಲ್ಟ್ ಬಟ್ಟೆ ಇಟ್ಟು ನುಡಿಸಿದರು. 2011ರಲ್ಲಿ ಬಂದ ಆ ಆಲ್ಬಮ್ಮಿನ ಹೆಸರೂ 'ಫೆಲ್ಟ್'. ಮೈಕ್ ಅನ್ನು ತಂತಿಗೆ ತೀರಾ ಹತ್ತಿರ ಇಟ್ಟಿದ್ದರಿಂದ ಕೀಲಿ ಒತ್ತುವ ಟಕಟಕ, ಉಸಿರು, ಮರದ ಕಿರುಗುಟ್ಟುವಿಕೆ ಎಲ್ಲವೂ ಅದರಲ್ಲಿ ಕೇಳಿಸುತ್ತವೆ. ಕೂಲರ್ ಹಾಕಿಕೊಂಡು ಇದನ್ನು ಕೇಳಿದರೆ ಉಳಿಯುವುದು ಏನೂ ಇಲ್ಲ. ಪಿಯಾನೋ ಸ್ಟೇಷನ್‌ಗಳನ್ನು ನವೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಳ್ಳಿ, ಫ್ಯಾನ್ ನಿಲ್ಲಿಸಿ ರಗ್ಗು ಹೊದ್ದು ಮಲಗುವ ದಿನಗಳಿಗೆ. ಬೇಸಿಗೆಯಲ್ಲೇ ಬೇಕೆಂದರೆ ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಬೇಕು.

ಆಕಾಶವಾಣಿ ಇದಕ್ಕೆ ಸಾಕಾ?

ನಮ್ಮ ಆಕಾಶವಾಣಿಯಲ್ಲಿ, ಊರಿನ ಎಫ್‌ಎಂಗಳಲ್ಲಿ ಆಂಬಿಯೆಂಟ್ ಹುಡುಕಬೇಡಿ. ಎಫ್‌ಎಂ ಇರುವುದು ಸಿನಿಮಾ ಹಾಡಿಗೆ, ಅದರ ಕೆಲಸ ಅದು ಮಾಡುತ್ತಿದೆ. ಆದರೆ ಆಕಾಶವಾಣಿಯ ಒಂದು ಚಾನೆಲ್ಲನ್ನು ನಾನು ಈ ಪಟ್ಟಿಯಲ್ಲಿ ಮೇಲೆಯೇ ಇಡುತ್ತೇನೆ: 'ರಾಗಂ'. 2016ರ ಜನವರಿ 26ರಂದು ಶುರುವಾದ, ದಿನವಿಡೀ ಶಾಸ್ತ್ರೀಯ ಸಂಗೀತ ಕೊಡುವ ಚಾನೆಲ್ ಇದು. ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಆಂಬಿಯೆಂಟ್ ಬರಹದಲ್ಲಿ ಇದು ಯಾಕೆ ಬಂತು? ಡ್ರೋನ್ ಅಂದರೆ ಒಂದೇ ಸ್ವರವನ್ನು ಎಳೆದು ಹಿಡಿಯುವ ಸಂಗೀತ. ಅದರ ಬೇರು ಹುಡುಕುತ್ತಾ ಹೋದರೆ ಸಿಗುವುದು ತಂಬೂರಿ, ಅದೂ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ತಂಬೂರಿ. ಪಂಡಿತ್ ಪ್ರಾಣನಾಥ್ ಎಂಬ ಗಾಯಕರು ಕಿರಾನಾದ ಅಬ್ದುಲ್ ವಹೀದ್ ಖಾನರ ಶಿಷ್ಯರು. 1970ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅಲ್ಲಿ ಲಾ ಮಾಂಟಿ ಯಂಗ್, ಟೆರಿ ರೈಲಿ ಅವರಂಥ ಸಂಯೋಜಕರು ಅವರ ಶಿಷ್ಯರಾಗಿ ತಂಬೂರಿ ಹಿಡಿದು ಕೂತರು. ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ಅದರೊಳಗಿನ ಸ್ವರಗಳನ್ನು ಕೇಳುವ ಅಭ್ಯಾಸ ಅಮೆರಿಕದ ಹೊಸ ಸಂಗೀತದಲ್ಲಿ ಗಟ್ಟಿಯಾಗಿದ್ದರಲ್ಲಿ ಈ ಗುಂಪಿನ ಪಾಲು ದೊಡ್ಡದು. ವಹೀದ್ ಖಾನರ ಬಂಧು ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರ ಗುರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದರೆ ಉತ್ತರ ಕರ್ನಾಟಕದ ಮನೆಮನೆಯ ಕಿವಿ ಮತ್ತು ನ್ಯೂಯಾರ್ಕಿನ ಡ್ರೋನ್ ಸಂಗೀತ ಒಂದೇ ಘರಾಣೆಯ ಎರಡು ಕೊಂಬೆ. ಹಿಂದೂಸ್ತಾನಿ ಆಲಾಪ ಕೇಳಿ ಬೆಳೆದವರಿಗೆ ಡ್ರೋನ್ ಚಾನೆಲ್ ಹೊಸದು ಅನ್ನಿಸದೆ ಇರಲು ಇದೇ ಕಾರಣ.

ಇನ್ನೂ ಒಂದು ಮಾತು. ಎಲೆಕ್ಟ್ರಾನಿಕ್ ಸಂಗೀತ ಹೊರಗಿನದು ಅನ್ನುವವರಿಗೆ ಅಹಮದಾಬಾದ್ ತೋರಿಸಿ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟ ಸ್ಟುಡಿಯೋ ಇತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಕಟ್ಟಲು ನೆರವಾದರು, ನಮ್ಮವರೇ ಅದರಲ್ಲಿ ಸಂಗೀತ ಮಾಡಿದರು. ಆ ಟೇಪುಗಳು ಆಲ್ಬಮ್ಮಾಗಿ ಹೊರಬಂದಿದ್ದು 2023ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ.

ರಾಗಂನ ಕೊರತೆ ಏನೆಂದರೆ ಹೊಸ ಎಲೆಕ್ಟ್ರಾನಿಕ್ ಹೆಸರು ಅಲ್ಲಿ ಸಿಗುವುದಿಲ್ಲ. ಕಿವಿ ಹದಮಾಡಿಕೊಳ್ಳಲು ಅದು, ಹುಡುಕಲು ಬೇರೆ ಕಡೆ ಹೋಗಬೇಕು.

ಸೋಮಾ ಎಫ್‌ಎಂ: ಹಾಕಿ ಬಿಡುವವರಿಗೆ

ಹೊಸಬರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಸೋಮಾ ಎಫ್‌ಎಂ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ 2000ದಲ್ಲಿ ಶುರುವಾದ ಇಂಟರ್ನೆಟ್ ರೇಡಿಯೋ. ಜಾಹೀರಾತು ಇಲ್ಲ. ಕೇಳುಗರ ದೇಣಿಗೆಯಿಂದ ನಡೆಯುತ್ತದೆ. 2002ರಲ್ಲಿ ರಾಯಲ್ಟಿ ದರ ಏರಿದಾಗ ಪ್ರಸಾರವನ್ನೇ ನಿಲ್ಲಿಸಬೇಕಾಗಿ ಬಂದಿತ್ತು, ಆಮೇಲೆ ಮತ್ತೆ ಶುರುವಾಯಿತು. ಅದು ಇಷ್ಟು ವರ್ಷ ಉಳಿದಿರುವುದೇ ದೊಡ್ಡದು.

ಅದರಲ್ಲಿ ಒಂದೊಂದು ರುಚಿಗೆ ಒಂದೊಂದು ಚಾನೆಲ್. 'ಗ್ರೂವ್ ಸಲಾಡ್' ಮೆಲ್ಲನೆಯ ತಾಳ ಇರುವ ಸಂಗೀತಕ್ಕೆ. 'ಡ್ರೋನ್ ಝೋನ್' ತಾಳ ಬಹುತೇಕ ಇಲ್ಲದ, ಉದ್ದ ಉದ್ದ ಸ್ವರಗಳಿಗೆ. 'ಡೀಪ್ ಸ್ಪೇಸ್ ಒನ್' ಇನ್ನೂ ಕತ್ತಲೆಯದು, ಪ್ರಯೋಗ ಜಾಸ್ತಿ. 'ಮಿಷನ್ ಕಂಟ್ರೋಲ್'ನಲ್ಲಿ ನಾಸಾ ಗಗನಯಾತ್ರಿಗಳ ಮತ್ತು ನೆಲದ ಕೇಂದ್ರದವರ ಮಾತುಕತೆಯನ್ನು ಆಂಬಿಯೆಂಟ್ ಜೊತೆ ಬೆರೆಸುತ್ತಾರೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಒಮ್ಮೆ ಹಾಕಿ ನೋಡಿ, ಪ್ರಶ್ನೆಗಳು ಮುಗಿಯುವುದಿಲ್ಲ. 'ಕ್ಲಿಕ್‌ಹಾಪ್' ಒಡೆದ, ಗಡಿಬಿಡಿ ತಾಳಗಳ ಎಲೆಕ್ಟ್ರಾನಿಕ್. 'ಸಬರ್ಬ್ಸ್ ಆಫ್ ಗೋವಾ' ನಮ್ಮ ಕಡೆಯ ವಾದ್ಯ, ದನಿಗಳನ್ನು ಬೆರೆಸಿದ ಚಾನೆಲ್. ನನಗೆ ಅದು ಅಷ್ಟಾಗಿ ಹಿಡಿಸದು. ಸಿತಾರ್ ತುಣುಕು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ.

ಓದಲು ಕೂರುವವರು ಗ್ರೂವ್ ಸಲಾಡ್ ಮತ್ತು ಡ್ರೋನ್ ಝೋನ್ ನಡುವೆ ಒದ್ದಾಡುತ್ತಾರೆ. ಲೆಕ್ಕ ಮಾಡುವುದು, ಟೈಪ್ ಮಾಡುವುದು, ಚಿತ್ರ ಬಿಡಿಸುವುದು ಇದ್ದರೆ ಗ್ರೂವ್ ಸಲಾಡ್. ಕೈಗೆ ತಾಳ ಬೇಕು. ಪುಸ್ತಕ ಓದಿ ನೆನಪಿಟ್ಟುಕೊಳ್ಳುವುದಿದ್ದರೆ ಡ್ರೋನ್ ಝೋನ್. ಗ್ರೂವ್ ಸಲಾಡ್‌ನಲ್ಲಿ ಆಗಾಗ ಹಾಡುವ ದನಿ ನುಗ್ಗುತ್ತದೆ. ಮನಸ್ಸು ಮಾತಿನ ಕಡೆ ಓಡುತ್ತದೆ, ಓದಿದ್ದು ಅಲ್ಲೇ ನಿಲ್ಲುತ್ತದೆ.

ಸೋಮಾದ ದೋಷ ಅದರ ಗುಣದಲ್ಲೇ ಇದೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ ಬೀಳುವ ಹಾಗೆ ಹಾಡಿನ ಮೇಲೆ ಹಾಡು ಬೀಳುತ್ತಲೇ ಇರುತ್ತದೆ, ಯಾರು ಬಡಿದರು ಅಂತ ನೀವು ಕೇಳುವುದೇ ಇಲ್ಲ. ನಿರೂಪಕರು ಇಲ್ಲ. ಇದು ಯಾಕೆ ಮುಖ್ಯ, ಯಾರು ಮಾಡಿದರು ಅಂತ ಹೇಳುವವರಿಲ್ಲ. ಹೆಸರು ಪರದೆಯ ಮೇಲೆ ಬರುತ್ತದೆ, ನಿಜ. ವೆಬ್‌ಸೈಟ್‌ನಲ್ಲಿ ಇತ್ತೀಚೆಗೆ ಬಂದ ಹಾಡುಗಳ ಪಟ್ಟಿಯೂ ಇರುತ್ತದೆ. ಆದರೆ ನೀವೇ ಹೋಗಿ ನೋಡಬೇಕು. ಇನ್ನೊಂದು ಕೊರತೆ, ಪಿಯಾನೋಗೆ ಅಂತಲೇ ಅಲ್ಲಿ ಚಾನೆಲ್ ಇಲ್ಲ.

ಒಂದು ಅನುಕೂಲ ಮಾತ್ರ ದೊಡ್ಡದು. ಇಲ್ಲಿ ಗಡಿಯಾರದ ಗೊಡವೆ ಇಲ್ಲ. ಯಾವ ಹೊತ್ತಿಗೆ ಹಾಕಿದರೂ ಅದೇ ಹದ.

ಎನ್‌ಟಿಎಸ್: ಹೆಸರು ಬೇಕಾದವರಿಗೆ

ಲಂಡನ್ನಿನ ಎನ್‌ಟಿಎಸ್ 2011ರಲ್ಲಿ ಫೆಮಿ ಅಡೆಯೆಮಿ ಎಂಬವರು ಶುರುಮಾಡಿದ್ದು. ಎರಡು ಲೈವ್ ಚಾನೆಲ್ ಇವೆ. ಪ್ರತಿ ಗಂಟೆ, ಎರಡು ಗಂಟೆಗೆ ಒಬ್ಬೊಬ್ಬ ನಿರೂಪಕರು. ಅವರಲ್ಲಿ ಡಿಜೆಗಳಿದ್ದಾರೆ, ಸಂಗೀತಗಾರರಿದ್ದಾರೆ, ರೆಕಾರ್ಡ್ ಸಂಗ್ರಹಿಸುವವರಿದ್ದಾರೆ. ಈಗ ಡ್ರೋನ್ ಬಂದರೆ ಮುಂದಿನ ಗಂಟೆ ಸೊಮಾಲಿಯಾದ ಹಳೆಯ ಡಿಸ್ಕೋ ಬಂದೀತು. ಆಂಬಿಯೆಂಟ್ ಬೇಕು ಅಂತ ಹಾಕಿ ಕೂತರೆ ಕೆಲವೊಮ್ಮೆ ಕಿವಿ ಹರಿದುಹೋಗುವ ಗದ್ದಲ ಬರುತ್ತದೆ. ಮಲಗುವಾಗ ಲೈವ್ ಹಾಕಿಕೊಳ್ಳುವುದು ಧೈರ್ಯದ ಕೆಲಸ.

ಹಾಗಿದ್ದೂ ಹುಡುಕಾಟಕ್ಕೆ ಇದು ಸೋಮಾಗಿಂತ ಮೇಲು ಅಂತ ನನ್ನ ತೀರ್ಪು. ಕಾರಣ ಎರಡು. ಒಂದು, ಹಳೆಯ ಕಂತುಗಳ ದೊಡ್ಡ ಸಂಗ್ರಹ. ಕಂತಿನ ಪುಟದಲ್ಲಿ ಸಾಮಾನ್ಯವಾಗಿ ಹಾಡುಗಳ ಪಟ್ಟಿ ಇರುತ್ತದೆ. ಪ್ರಕಾರದ ಹೆಸರು ಹಾಕಿ ಹುಡುಕಬಹುದು. ಎರಡು, ಆರಿಸಿದವರು ಮನುಷ್ಯರು, ಅವರಿಗೆ ಒಂದು ರುಚಿ ಇದೆ. ಒಬ್ಬ ನಿರೂಪಕರ ರುಚಿ ನಿಮಗೆ ಹೊಂದಿತು ಅನ್ನಿ. ಅವರ ಹಳೆಯ ಕಂತುಗಳನ್ನು ಒಂದೊಂದಾಗಿ ಕೇಳುತ್ತಾ ಹೋದರೆ ಒಂದು ಚಳಿಗಾಲಕ್ಕೆ ಸಾಕಾಗುವಷ್ಟು ಹೆಸರು ಸಿಗುತ್ತವೆ. ಸೋಮಾ ಹದ ಕೊಡುತ್ತದೆ, ಎನ್‌ಟಿಎಸ್ ಪರಿಚಯ ಮಾಡಿಸುತ್ತದೆ.

ಗದ್ದಲದ ಭಯ ಇದ್ದವರಿಗೆ ಎನ್‌ಟಿಎಸ್‌ನಲ್ಲೇ ಇನ್ನೊಂದು ದಾರಿ ಇದೆ. 'ಇನ್ಫಿನಿಟ್ ಮಿಕ್ಸ್‌ಟೇಪ್' ಅಂತ ನಿಲ್ಲದೆ ಹರಿಯುವ ಚಾನೆಲ್‌ಗಳಿವೆ. ಅದರಲ್ಲಿ 'ಸ್ಲೋ ಫೋಕಸ್' ಆಂಬಿಯೆಂಟ್ ಮತ್ತು ಡ್ರೋನ್‌ಗೆ. 'ಫೀಲ್ಡ್ ರೆಕಾರ್ಡಿಂಗ್ಸ್' ಅಂತ ಮತ್ತೊಂದು, ಹೊರಗಿನ ಜಗತ್ತಿನ ಸದ್ದುಗಳದ್ದು. ಡ್ರೋನ್ ಝೋನ್ ಮತ್ತು ಸ್ಲೋ ಫೋಕಸ್ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಡ್ರೋನ್ ಝೋನ್ ನುಣುಪು ಜಾಸ್ತಿ, ಬಾಹ್ಯಾಕಾಶದ ಕಡೆ ವಾಲುತ್ತದೆ. ಸ್ಲೋ ಫೋಕಸ್‌ನಲ್ಲಿ ಸ್ವಲ್ಪ ಒರಟು, ಸ್ವಲ್ಪ ಹಳೆಯ ಟೇಪಿನ ವಾಸನೆ. ನಿದ್ದೆಗೆ ಮೊದಲನೆಯದು, ಎಚ್ಚರವಾಗಿ ಕೇಳಲು ಎರಡನೆಯದು.

ಪಿಯಾನೋ ಬೇಕೆಂದರೆ ಬಿಬಿಸಿ ರೇಡಿಯೋ 3, ಆದರೆ…

ಇವತ್ತಿನ ಪಿಯಾನೋ ಸಂಗೀತ ಶಾಸ್ತ್ರೀಯ ರೇಡಿಯೋದ ಬಾಗಿಲಿನಿಂದಲೇ ಜಾಸ್ತಿ ಬಂದಿದೆ. ಬಿಬಿಸಿ ರೇಡಿಯೋ 3 ಇದರಲ್ಲಿ ಹಳೆಯ ಕೈ. ಗಡಿ ಮೀರಿದ ಸಂಗೀತಕ್ಕೆ 'ಲೇಟ್ ಜಂಕ್ಷನ್' 1999ರಲ್ಲೇ ಶುರುವಾಗಿತ್ತು. ರಾತ್ರಿಯ ಹೊತ್ತಿಗೆ ಹಳೆಯ ಚರ್ಚ್ ಗಾಯನದಿಂದ ಎಲೆಕ್ಟ್ರಾನಿಕ್ ತನಕ ಒಂದಕ್ಕೊಂದು ಹೆಣೆಯುವ 'ನೈಟ್ ಟ್ರ್ಯಾಕ್ಸ್' ಬಂತು. ಎಲಿಜಬೆತ್ ಆಲ್ಕರ್ ನಡೆಸುವ 'ಅನ್‌ಕ್ಲಾಸಿಫೈಡ್' ಆಂಬಿಯೆಂಟ್ ಮತ್ತು ಹೊಸ ಸಂಯೋಜಕರಿಗೆ ಅಂತಲೇ ಇರುವಂಥದ್ದು. 2015ರಲ್ಲಿ ಸಂಯೋಜಕ ಮ್ಯಾಕ್ಸ್ ರಿಕ್ಟರ್ ಅವರ 'ಸ್ಲೀಪ್' ಎಂಬ ಎಂಟು ಗಂಟೆ ಮೀರುವ ಕೃತಿಯನ್ನು ಇದೇ ರೇಡಿಯೋ ರಾತ್ರಿಯಿಡೀ ನೇರ ಪ್ರಸಾರ ಮಾಡಿತು. ಕೇಳುಗರು ಮಲಗಲಿ ಅಂತಲೇ ಬರೆದ ಸಂಗೀತ ಅದು. ನಿದ್ದೆ ಮಾಡಿದವರೇ ಸರಿಯಾಗಿ ಕೇಳಿದವರು!

'ಆದರೆ' ಅಂದಿದ್ದು ಯಾಕೆಂದರೆ, ಬಿಬಿಸಿ ಸೌಂಡ್ಸ್ ಆ್ಯಪ್ 2025ರಲ್ಲಿ ಬ್ರಿಟನ್ ಹೊರಗಿನವರಿಗೆ ಮುಚ್ಚಿತು. ಹಳೆಯ ಕಂತನ್ನು ನಮಗೆ ಬೇಕಾದಾಗ ಕೇಳುವ ಸುಖ ಹೋಯಿತು. ಆದ್ದರಿಂದ ಬಿಬಿಸಿಯನ್ನು ನಮ್ಮವರ ಮೊದಲ ಆಯ್ಕೆ ಅಂತ ಈಗ ಹೇಳಲಾರೆ. ಒಂದು ಉಪಾಯ ಇದೆ. ಆ ಕಾರ್ಯಕ್ರಮಗಳ ವೆಬ್ ಪುಟಗಳಲ್ಲಿ ಪ್ರತಿ ಕಂತಿನಲ್ಲೂ ನುಡಿಸಿದ ಸಂಗೀತದ ಪಟ್ಟಿ ಹಾಕುತ್ತಾರೆ. ಕಂತು ಕೇಳದಿದ್ದರೂ ಪಟ್ಟಿ ಓದಿ, ಒಂದೆರಡು ಹೆಸರು ಹೆಕ್ಕಿ, ಬೇರೆ ಕಡೆ ಹುಡುಕಿ. ರೇಡಿಯೋವನ್ನು ಓದುವುದು ವಿಚಿತ್ರ ಅನ್ನಿಸಬಹುದು. ಕೆಲಸ ಮಾತ್ರ ಚೆನ್ನಾಗಿ ಆಗುತ್ತದೆ.

ಪಟ್ಟಿಯಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲಿ. ಐಸ್‌ಲ್ಯಾಂಡಿನ ಓಲಾವುರ್ ಆರ್ನಾಲ್ಡ್ಸ್ ಮೊದಲು ಅಬ್ಬರದ ಹಾರ್ಡ್‌ಕೋರ್ ರಾಕ್ ಬ್ಯಾಂಡಿನ ಡ್ರಮ್ಮರ್, ಈಗ ಮೆಲುಪಿಯಾನೋದ ದೊಡ್ಡ ಹೆಸರು. ಪೋಲೆಂಡಿನ ಹಾನಿಯಾ ರಾನಿ 2019ರ 'ಎಸ್ಯಾ' ಆಲ್ಬಮ್ಮಿನಿಂದ ಬೆಳಕಿಗೆ ಬಂದವರು, ಬೆರಳು ಚುರುಕು. ಜಪಾನಿನ ರ್ಯುಯಿಚಿ ಸಕಮೊಟೊ 2023ರಲ್ಲಿ ತೀರಿಕೊಂಡರು. ಸಿಂಥ್ ಮತ್ತು ಪಿಯಾನೋ ಎರಡೂ ಅವರಿಗೆ ಒಲಿದಿದ್ದವು. ಹೆರಾಲ್ಡ್ ಬಡ್ 1980ರಲ್ಲಿ ಈನೋ ಜೊತೆ ಸೇರಿ ಮಾಡಿದ ಸಂಗೀತ ಕೇಳಿದರೆ ಆಂಬಿಯೆಂಟ್ ಮತ್ತು ಪಿಯಾನೋ ಎಲ್ಲಿ ಕೂಡಿದವು ಅಂತ ತಿಳಿಯುತ್ತದೆ. ಇಟಲಿಯ ಪಿಯಾನೋ ವಾದಕ ಐನೌಡಿ ಎಲ್ಲರಿಗೂ ಗೊತ್ತು, ಅವರನ್ನು ಹುಡುಕಲು ರೇಡಿಯೋ ಬೇಕಿಲ್ಲ. ಮಾರ್ಚ್ ಕೊನೆಗೆ 'ಪಿಯಾನೋ ದಿನ' ಬರುತ್ತದೆ. ಪಿಯಾನೋದಲ್ಲಿ 88 ಕೀಲಿ, ಅದಕ್ಕೆ ವರ್ಷದ 88ನೆಯ ದಿನ. ನಿಲ್ಸ್ ಫ್ರಾಮ್ 2015ರಲ್ಲಿ ಶುರುಮಾಡಿದ್ದು. ಆ ವಾರ ಹಲವು ರೇಡಿಯೋಗಳಲ್ಲಿ ಪಿಯಾನೋ ಕಾರ್ಯಕ್ರಮ ಇರುತ್ತವೆ. ನಮ್ಮಲ್ಲಿ ಆಗಲೇ ಕೂಲರ್‌ಗೆ ಹೊಸ ಹುಲ್ಲು ಹಾಕಿಸುವ ಸಮಯ, ಏನು ಮಾಡುವುದು.

ಗಡಿಯಾರದ ಲೆಕ್ಕ

ಇಂಥ ಸಂಗೀತವನ್ನು ಎಲ್ಲ ದೇಶದ ರೇಡಿಯೋಗಳೂ ತಮ್ಮ ತಮ್ಮ ರಾತ್ರಿಗೆ ಇಟ್ಟುಕೊಳ್ಳುತ್ತವೆ. ಅವರ ರಾತ್ರಿ ನಮಗೆ ಯಾವಾಗ ಅನ್ನುವುದು ಪ್ರಶ್ನೆ.

ಲಂಡನ್ನಿನ ರಾತ್ರಿ 11 ನಮಗೆ ಚಳಿಗಾಲದಲ್ಲಿ ಬೆಳಗಿನ ಜಾವ 4:30. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆ ತನಕ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡುವುದರಿಂದ 3:30. ಕೇಳಿದರೆ ತ್ರಾಸು ಅನ್ನಿಸುತ್ತದೆ. ಆದರೆ ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ದಿನದಲ್ಲಿ ತಂಪು ಸಿಗುವುದು ಆ ಹೊತ್ತಿಗೆ ಮಾತ್ರ. ಕೂಲರ್ ಕೆಳಗೆ ಇದೆ, ಫ್ಯಾನ್ ಇಲ್ಲ. ಬೇಸಿಗೆಯಲ್ಲಿ ಪಿಯಾನೋ ಕೇಳಬಹುದಾದ ಒಂದೇ ಹೊತ್ತು ಅದು. ಲಂಡನ್ನಿನ ತಡರಾತ್ರಿ ಕಾರ್ಯಕ್ರಮಗಳು ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತವೆ.

ಅಮೆರಿಕದ ಪೂರ್ವ ಕರಾವಳಿಯ ನಡುರಾತ್ರಿ ನಮಗೆ ಬೆಳಗ್ಗೆ 10:30, ಅವರ ಬೇಸಿಗೆಯಲ್ಲಿ 9:30. ಅಂದರೆ ಅವರ ರಾತ್ರಿ ಸಂಗೀತ ನಮ್ಮ ಕೆಲಸದ ಸಂಗೀತ. ಫಿಲಡೆಲ್ಫಿಯಾದ ಡಬ್ಲ್ಯುಎಕ್ಸ್‌ಪಿಎನ್ ರೇಡಿಯೋದಲ್ಲಿ 1976ರಿಂದ ಬರುತ್ತಿರುವ 'ಸ್ಟಾರ್ಸ್ ಎಂಡ್' ತಡರಾತ್ರಿಯ ಕಾರ್ಯಕ್ರಮ, ಗಂಟೆಗಟ್ಟಲೆ ಸ್ಪೇಸ್ ಮ್ಯೂಸಿಕ್, ಅಂದರೆ ಬಾಹ್ಯಾಕಾಶದಲ್ಲಿ ತೇಲಿದಂತೆ ಅನ್ನಿಸುವ ಸಂಗೀತ. ಜಾನ್ ಡಿಲಿಬರ್ಟೊ 1989ರಲ್ಲಿ ಶುರುಮಾಡಿದ 'ಎಕೋಸ್'ನಲ್ಲಿ ಸಂಗೀತಗಾರರ ಸಂದರ್ಶನಗಳೂ ಇರುತ್ತವೆ. ಹೆಸರಿನ ಹಿಂದಿನ ಕತೆ ಬೇಕಾದವರಿಗೆ ಅದು ಒಳ್ಳೆಯದು. 'ಹಾರ್ಟ್ಸ್ ಆಫ್ ಸ್ಪೇಸ್' ಇವರೆಲ್ಲರಿಗಿಂತ ಹಿರಿಯ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಕೆಪಿಎಫ್‌ಎ ರೇಡಿಯೋದಲ್ಲಿ ಶುರುವಾಗಿ, 1983ರಿಂದ ಅಮೆರಿಕದಾದ್ಯಂತ ಪ್ರಸಾರವಾಯಿತು. ಇಲ್ಲಿ ಕಂತು ಒಂದು ಗಂಟೆಯದು, ಒಂದು ವಿಷಯದ ಸುತ್ತ ಹೆಣೆದದ್ದು, ನಡುವೆ ಮಾತಿಲ್ಲ. ಸ್ವಲ್ಪ ಹಳೆಯ ಕಾಲದ ರುಚಿ, ಕೆಲವೊಮ್ಮೆ ಸಿಹಿ ಜಾಸ್ತಿ. ಆದರೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವ ಕೌಶಲ ಅವರಿಂದ ಕಲಿಯಬೇಕು.

ಫ್ರಾನ್ಸಿನ ಫಿಪ್ ಬಗ್ಗೆ ಎರಡು ಮಾತು. 1971ರಿಂದ ಇರುವ ಸರ್ಕಾರಿ ರೇಡಿಯೋ, ಎಲ್ಲ ಪ್ರಕಾರ ಬೆರೆಸುತ್ತದೆ, ಮಾತು ಬಹಳ ಕಡಿಮೆ. ಎಲೆಕ್ಟ್ರಾನಿಕ್‌ಗೆ ಬೇರೆ ವೆಬ್ ಚಾನೆಲ್ ಇದೆ. ಇಂಥ ದಿನ ಇಂಥ ಹೊತ್ತಿಗೆ ಏನು ಬಂದಿತ್ತು ಅಂತ ವೆಬ್‌ಸೈಟ್‌ನಲ್ಲಿ ಹಿಂದೆ ಹೋಗಿ ನೋಡಬಹುದು. ಅಡುಗೆ ಮಾಡುತ್ತಾ ಕೇಳಿ ಆಮೇಲೆ ಹೆಸರು ಹುಡುಕುವವರಿಗೆ ಇದು ವರ.

ಆ್ಯಪ್‌ನ ಪ್ಲೇಲಿಸ್ಟ್ ಸಾಲದಾ?

ಪ್ಲೇಲಿಸ್ಟನ್ನು ಬೈಯುವುದು ಈಗ ಫ್ಯಾಷನ್. ನಾನು ಅಷ್ಟು ಬೈಯುವುದಿಲ್ಲ. ಜಪಾನಿನ ಮಿದೋರಿ ತಕಾದ 1983ರಲ್ಲಿ ಮಾಡಿದ ಆಲ್ಬಮ್ ದಶಕಗಳ ಕಾಲ ಮರೆತುಹೋಗಿತ್ತು. ಯೂಟ್ಯೂಬ್ ಅದನ್ನು ತಾನೇ ಎಲ್ಲರ ಮುಂದೆ ತಂದಿಟ್ಟಿತು, 2017ರಲ್ಲಿ ಅದು ಮತ್ತೆ ಮುದ್ರಣವಾಯಿತು. ಹಿರೋಶಿ ಯೋಶಿಮುರಾ ಅವರ ಸಂಗೀತಕ್ಕೂ ಹೀಗೇ ಮರುಜೀವ ಬಂತು. ಯಂತ್ರಕ್ಕೂ ಅದೃಷ್ಟ ಇರುತ್ತದೆ.

ಆದರೆ ಯಂತ್ರ ನೀವು ಬಿಟ್ಟುಹೋಗದಂತೆ ನೋಡಿಕೊಳ್ಳುತ್ತದೆ. ನಿಮಗೆ ಮೆತ್ತಗಿನ ಪಿಯಾನೋ ಇಷ್ಟ ಅಂತ ಗೊತ್ತಾದರೆ ಇನ್ನೂ ಮೆತ್ತಗಿನದು ಕೊಡುತ್ತದೆ, ಆಮೇಲೆ ಇನ್ನೂ. ಕೊನೆಗೆ ಎಲ್ಲವೂ ಒಂದೇ ಥರ ಕೇಳುತ್ತದೆ. ರೇಡಿಯೋ ನಿರೂಪಕರು ನಿಮ್ಮನ್ನು ಕೇಳದೆ ನಡುವೆ ಏನಾದರೂ ಬೇರೆ ಹಾಕುತ್ತಾರೆ. ಮೊದಲ ಸಲ ಸಿಟ್ಟು ಬರುತ್ತದೆ. ಹೊಸದು ಸಿಗುವುದು ಆ ಸಿಟ್ಟಿನ ಜಾಗದಲ್ಲೇ ಅಲ್ವಾ?

ಡೇಟಾ, ಸ್ಪೀಕರ್

ಬೇಗ ಹೇಳಿ ಮುಗಿಸುತ್ತೇನೆ. ಸೆಕೆಂಡಿಗೆ 128 ಕಿಲೋಬಿಟ್‌ನ ಸ್ಟ್ರೀಮ್ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. 64 ಆದರೆ 29. 320 ಆದರೆ 144. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ರಾತ್ರಿ ಎಂಟು ಗಂಟೆ 128ರಲ್ಲಿ ಬಿಟ್ಟು ಮಲಗಿದರೆ 460 ಎಂಬಿ ಹೋಗುತ್ತದೆ. ಅದಕ್ಕೆ ಸ್ಲೀಪ್ ಟೈಮರ್ ಇಡಿ, ವಿಎಲ್‌ಸಿ ಆ್ಯಪ್‌ನಲ್ಲಿ ಇದೆ. ಸೋಮಾದಲ್ಲಿ ಕಡಿಮೆ ಕಿಲೋಬಿಟ್‌ನ ಸ್ಟ್ರೀಮ್‌ಗಳೂ ಸಿಗುತ್ತವೆ. ಡ್ರೋನ್ ಸಂಗೀತಕ್ಕೆ 64 ಸಾಕು. ಪಿಯಾನೋಗೆ 128ಕ್ಕಿಂತ ಕೆಳಗೆ ಇಳಿಯಬೇಡಿ. ಸ್ವರ ಕರಗುವ ಕೊನೆಯ ಭಾಗ ನೀರು ಬಿದ್ದ ಬರಹದಂತೆ ಕಲಸಿಹೋಗುತ್ತದೆ.

ಫೋನಿನ ಸ್ಪೀಕರಿನಲ್ಲಿ ಆಂಬಿಯೆಂಟ್ ಕೇಳಿ 'ಏನೂ ಇಲ್ಲವಲ್ಲ' ಅನ್ನುವವರು ಬಹಳ. ಈ ಸಂಗೀತದ ಅರ್ಧ ಜೀವ ತಗ್ಗು ಸ್ವರದಲ್ಲಿ ಇರುತ್ತದೆ, ಫೋನಿಗೆ ಅದು ಬರುವುದೇ ಇಲ್ಲ. ಸಾಧಾರಣ ವೈರಿನ ಇಯರ್‌ಫೋನ್ ಕೂಡ ಅದಕ್ಕಿಂತ ಮೇಲು. ಹಾಡು ಗುರುತಿಸುವ ಆ್ಯಪ್‌ಗಳನ್ನೂ ಪೂರ್ತಿ ನಂಬಬೇಡಿ. ಅವು ಎದ್ದು ಕಾಣುವ ಸ್ವರ, ತಾಳದ ಗುರುತು ಹಿಡಿಯುತ್ತವೆ. ಡ್ರೋನ್‌ನಲ್ಲಿ ಎದ್ದು ಕಾಣುವುದೇ ಕಡಿಮೆ, ಮೇಲೆ ಫ್ಯಾನ್ ಸದ್ದು ಬೇರೆ. ಹೆಸರನ್ನು ಪರದೆಯಿಂದಲೇ ನೋಡಿ ಬರೆದಿಟ್ಟುಕೊಳ್ಳಿ. ಇಷ್ಟವಾದದ್ದನ್ನು ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟ್‌ನಲ್ಲಿ ಹುಡುಕಿದರೆ ಸಂಗೀತಗಾರರಿಂದಲೇ ಕೊಳ್ಳಬಹುದು. ಬೆಲೆ ಡಾಲರ್, ಪೌಂಡಿನಲ್ಲಿ ಇರುವುದರಿಂದ ನೋಡಿಕೊಂಡು ಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಲೈಬ್ರರಿಯಲ್ಲೋ ಪಿಜಿಯಲ್ಲೋ ಕೂತು ಓದುವವರಿಗೆ ಡ್ರೋನ್ ಝೋನ್, ಬೇಜಾರಾದರೆ ಸ್ಲೋ ಫೋಕಸ್. ಎರಡೇ ಇಟ್ಟುಕೊಳ್ಳಿ, ಮೂರನೆಯದು ಹುಡುಕಲು ಹೋದರೆ ಓದು ಹೋಯಿತು.

ಹಾರ್ಮೋನಿಯಂ, ಕೀಬೋರ್ಡ್ ಕಲಿಯುವ ಮಕ್ಕಳಿರುವ ಮನೆಗೆ ಬಿಬಿಸಿಯ ಪಟ್ಟಿಗಳು ಮತ್ತು ರಾಗಂ, ಎರಡೂ ಬೇಕು. ಒಂದು ಕೈಗೆ ಸಾತಿ, ಒಂದು ಕಿವಿಗೆ ಯಮನ್ ರಾಗ. ಸಾತಿಯ 1888ರ 'ಜಿಮ್ನೊಪೆದಿ'ಗಳು ನಿಧಾನಗತಿಯವು. ಕೆಲವು ವರ್ಷ ಕಲಿತ ಮಕ್ಕಳ ಬೆರಳಿಗೆ ಒಗ್ಗುತ್ತವೆ.

ರಾತ್ರಿ ಪಾಳಿಯವರಿಗೆ ನನ್ನ ಆಯ್ಕೆ ಎನ್‌ಟಿಎಸ್ ಲೈವ್. ನಮ್ಮ ರಾತ್ರಿ 11 ಅಲ್ಲಿ ಸಂಜೆ, ಜನ ಉತ್ಸಾಹದಲ್ಲಿ ಇರುತ್ತಾರೆ, ಕಣ್ಣು ಮುಚ್ಚಲು ಬಿಡುವುದಿಲ್ಲ. ಬೆಳಗ್ಗೆ ಮನೆಗೆ ಬಂದು ಮಲಗುವಾಗ ಅಮೆರಿಕದಲ್ಲಿ ರಾತ್ರಿ. ಅಲ್ಲಿನ ಕಾರ್ಯಕ್ರಮ ಹಾಕಿಕೊಳ್ಳಿ.

ಸುರಪುರ, ಶಹಾಪುರದ ಕಡೆ ಹೊಲದ ಮನೆಯಲ್ಲಿ ನೆಟ್‌ವರ್ಕ್ ಒಂದು ಗೆರೆ ಮಾತ್ರ ಬರುವವರು ಸೋಮಾದ ಅತಿ ಕಡಿಮೆ ಕಿಲೋಬಿಟ್ ಸ್ಟ್ರೀಮ್ ಒಂದನ್ನೇ ನಂಬಿ. ಕಲಬುರಗಿ–ಬೀದರ್ ರೈಲಿನಲ್ಲಿ ಹೋಗುವವರಿಗೂ ಅದೇ. ಮರಗುತ್ತಿ ಸುರಂಗದಲ್ಲಿ ಮಾತ್ರ ಯಾವ ಸ್ಟ್ರೀಮೂ ಉಳಿಯುವುದಿಲ್ಲ, ಆಚೆ ಬಂದು ಮತ್ತೆ ಪ್ಲೇ ಒತ್ತಬೇಕು.

ಇನ್ನು ರಾತ್ರಿ ಊಟ ಮಾಡಿ ಹುಮನಾಬಾದ್ ಮೇಲೆ ಬೀದರ್‌ಗೆ ಕಾರು ಓಡಿಸುವವರು ಡ್ರೋನ್ ಝೋನ್ ಹಾಕಲೇಬೇಡಿ. ಸ್ಲೀಪ್ ಅಂತೂ ಬೇಡವೇ ಬೇಡ. ಕ್ಲಿಕ್‌ಹಾಪ್ ಹಾಕಿ. ಅದು ಪಕ್ಕದಲ್ಲಿ ಕೂತವರಿಗೆ ಹಿಡಿಸದಿದ್ದರೆ ಎಫ್‌ಎಂನಲ್ಲಿ ಹಳೆಯ ಸಿನಿಮಾ ಹಾಡು ಹಾಕಿ, ಜೊತೆಗೆ ನೀವೂ ಹಾಡಿ.